ಇಂಚಿಗೆ ಹದಿನಾಲ್ಕು ಹಲ್ಲು

ಚಂದ್ರಾ ಲೇಔಟಿನ ಆರನೇ ಕ್ರಾಸಿನಲ್ಲಿ ಒಂದು ಹೆಣ್ಣನ್ನು ನೋಡಿ, ಒಪ್ಪಿ, ನಿಶ್ಚಿತಾರ್ಥದ ಊಟ ಹಾಕಿ, ಎಂಜಲೆಲೆಯನ್ನೂ ಎತ್ತಿದ್ದರು. ಅಷ್ಟು ಕಾಲದಲ್ಲಿ ಅದೇ ಕ್ರಾಸಿನ ಭೈರೇಶನಿಗೆ ಒಂದು ಗರಗಸ ಆರಿಸಲು ಆಗಿರಲಿಲ್ಲ. ಹನ್ನೊಂದು ದಿನ, ಆರು ಅಂಗಡಿ. ನೋಡಿದ ವಿಡಿಯೊಗಳನ್ನು ಎಣಿಸುತ್ತಿದ್ದ ಅವನ ಹೆಂಡತಿ ಕೀರ್ತನಾ ಮೂವತ್ತಕ್ಕೆ ಎಣಿಕೆ ನಿಲ್ಲಿಸಿದ್ದಳು.

ಗರಗಸದ ಅಗತ್ಯ ಬಿದ್ದದ್ದು ಕೀರ್ತನಾಳ ತಾಯಿ ಲಕ್ಷ್ಮಿದೇವಮ್ಮನವರ ಮಂಡಿಯಿಂದ. ಆಪರೇಷನ್ ಆಗಿತ್ತು. ಎರಡು ತಿಂಗಳು ವಾಕರ್ ಹಿಡಿದೇ ನಡೆಯಬೇಕು. ಕೆಂಗೇರಿಯ ಅವರ ಮನೆಯಲ್ಲಿ ಬಚ್ಚಲಿಗೆ ಹೋಗಲು ಐದು ಮೆಟ್ಟಿಲು ಇಳಿಯಬೇಕಿತ್ತು. ಮಗ ಇದ್ದದ್ದು ಕುರುಬರಹಳ್ಳಿಯ ಎರಡನೇ ಮಹಡಿಯಲ್ಲಿ. ಅಲ್ಲಿ ಲಿಫ್ಟೂ ಇರಲಿಲ್ಲ, ಸೊಸೆಯ ಮುಖದಲ್ಲಿ ನಗುವೂ ಇರಲಿಲ್ಲ. ಭೈರೇಶನದು ನೆಲಮಹಡಿ, ಹಿಂದಿನ ಕೋಣೆಗೇ ಅಂಟಿಕೊಂಡ ಬಚ್ಚಲು. ತಾಯಿ ತನ್ನ ಮನೆಗೇ ಬರಬೇಕೆಂದು ಕೀರ್ತನಾ ಹಟ ಹಿಡಿದಿದ್ದಳು. ಒಂದೇ ತೊಡಕು, ಆ ಕೋಣೆಯ ಟೈಲ್ಸ್ ಕನ್ನಡಿಯಂತೆ ಜಾರುತ್ತಿತ್ತು. ಅದರ ಮೇಲೆ ಲ್ಯಾಮಿನೇಟ್ ಹಲಗೆಯ ನೆಲ ಹಾಕಿಸುವುದೆಂದು ತೀರ್ಮಾನವಾಯಿತು.

ಹಾಕಿಸುವುದು ಎಂಬಲ್ಲಿಗೆ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮಾವ ಮುನಿವೆಂಕಟಪ್ಪನವರ ಎದುರು ಕಾಫಿ ಕುಡಿಯುತ್ತ ಭೈರೇಶ, "ಇದಕ್ಕೆಲ್ಲ ಬಡಗಿ ಯಾಕೆ ಮಾವ? ಹಲಗೆಗೆ ಹಲಗೆ ಸಿಕ್ಕಿಸೋದು ಅಷ್ಟೆ. ನಾನೇ ಹಾಕ್ತೀನಿ" ಎಂದುಬಿಟ್ಟ.

ಮುನಿವೆಂಕಟಪ್ಪ ಲೋಟ ಕೆಳಗಿಟ್ಟು, "ನೀವಾ?" ಎಂದರು.

ಅವರು ಇನ್ನೇನನ್ನೂ ಅನ್ನಲಿಲ್ಲ. ಆದರೆ ರಾಜಾಜಿನಗರದ ಕೊರಿಯರ್ ಕಂಪನಿಯೊಂದರಲ್ಲಿ ದೂರು ಸ್ವೀಕರಿಸುವ ಕೆಲಸ ಮಾಡುತ್ತ ಹದಿನಾರು ವರ್ಷ ಎಲ್ಲರ ಮಾತನ್ನೂ ನುಂಗಿಕೊಂಡಿದ್ದ ಭೈರೇಶನಿಗೆ ಆ ಎರಡಕ್ಷರವನ್ನು ನುಂಗಲಾಗಲಿಲ್ಲ. ದಸರೆಯ ರಜೆಗೆ ಮುಂಚೆ ಒಂದು ವಾರ ರಜೆ ಬರೆದುಕೊಟ್ಟ. ಹಲಗೆಗಳು ಬಂದವು. ಮೂರು ದಿನದಲ್ಲಿ ಇಡೀ ಹಲಗೆ ಎಲ್ಲೆಲ್ಲಿ ಹಿಡಿಸುತ್ತಿತ್ತೋ ಅಲ್ಲೆಲ್ಲ ಸಿಕ್ಕಿಸಿ ಮುಗಿಸಿದ. ಕೋಣೆಯ ಅಗಲ ಒಂಬತ್ತಡಿ, ಹಲಗೆ ನಾಲ್ಕಡಿ. ಬಚ್ಚಲ ಕಡೆಯ ಗೋಡೆಯ ಉದ್ದಕ್ಕೂ ಒಂದಡಿ ಜಾಗ ಬರಿದಾಗಿ ಉಳಿಯಿತು. ವಾಕರ್ ಹಿಡಿದ ಹೆಂಗಸು ಬಚ್ಚಲಿಗೆ ಹೋಗುವಾಗ ಸರಿಯಾಗಿ ಎಡವಬೇಕಾದ ಜಾಗ ಅದು. ಅಲ್ಲಿಗೆ ಒಂದೊಂದಡಿಯ ಹದಿನೈದು ತುಂಡು ಬೇಕಿತ್ತು. ತುಂಡಿಗೆ ಗರಗಸ ಬೇಕಿತ್ತು. ಅದರ ಹುಡುಕಾಟ ರಜೆಗೂ ಮುಂಚೆಯೇ ಶುರುವಾಗಿತ್ತು.

"ಗರಗಸ ಅಂದ್ರೆ ಯಾವುದೋ ಒಂದು ಅಲ್ಲ ಕಣೇ" ಎಂದು ಭೈರೇಶ ಹೆಂಡತಿಗೆ ತಿಳಿಸಿ ಹೇಳುತ್ತಿದ್ದ. "ಹಲ್ಲು ದೊಡ್ಡದಾದ್ರೆ ಮೇಲಿನ ಪದರ ಎದ್ದು ಹೋಗುತ್ತೆ. ಸಣ್ಣದಾದ್ರೆ ಬೇಗ ಮೊಂಡಾಗುತ್ತೆ. ಜಪಾನಿನೋರದ್ದು ಎಳೆಯುವಾಗ ಕೊಯ್ಯುತ್ತೆ, ನಮ್ಮದು ತಳ್ಳುವಾಗ ಕೊಯ್ಯುತ್ತೆ."

"ರೀ, ಅಮ್ಮ ವಿಜಯದಶಮಿ ದಿನ ಹತ್ತೂವರೆಗೆ ಬರ್ತಾಳೆ. ಎಳೀರಿ, ತಳ್ರಿ, ಅಷ್ಟರಲ್ಲಿ ಮುಗಿಸಿ."

ಹೀಗೆ ಆಯುಧಪೂಜೆಯ ಹಿಂದಿನ ದಿನ ಸಂಜೆ ಭೈರೇಶ ಏಳನೇ ಅಂಗಡಿಗೆ ಹೋದ. ವಿಜಯನಗರದಲ್ಲಿ ಚಿಕ್ಕಮುನಿಯಪ್ಪನವರ ಹಾರ್ಡ್‌ವೇರ್ ಅಂಗಡಿ. ಹೊರಗೆ ಬೂದುಗುಂಬಳಕಾಯಿಯ ರಾಶಿ, ಒಳಗೆ ಸುಣ್ಣ, ಬಣ್ಣ, ಸೀರಿಯಲ್ ಸೆಟ್ಟು ಕೇಳುವವರ ನೂಕುನುಗ್ಗಲು. ಭೈರೇಶ ಜೇಬಿನಿಂದ ಹಲಗೆಯ ಒಂದು ಸ್ಯಾಂಪಲ್ ಚೂರು ತೆಗೆದು ಕೌಂಟರಿನ ಮೇಲಿಟ್ಟ. ಅಂಗಡಿಯವರು ಗೋಡೆಯಿಂದ ಒಂದು ಗರಗಸ ಕಿತ್ತು ಮುಂದಿಟ್ಟರು.

"ಇಂಚಿಗೆ ಎಷ್ಟು ಹಲ್ಲಿದೆ ಇದಕ್ಕೆ?"

"ಸಾರ್?"

"ಹಲ್ಲು. ಇಂಚಿಗೆ."

ಚಿಕ್ಕಮುನಿಯಪ್ಪ ಕನ್ನಡಕ ಏರಿಸಿದರು. "ಹಲ್ಲು ಎಣಿಸಿ ತಗೊಳ್ಳೋಕೆ ಇದೇನ್ ಹೋರಿನಾ ಸಾರ್?"

ಹಿಂದೆ ನಿಂತಿದ್ದವರು ನಕ್ಕರು. ಭೈರೇಶ ನಗಲಿಲ್ಲ. ಜೇಬಿನಿಂದ ಸ್ಕೇಲು ತೆಗೆದ. ಎಣಿಸಿದ. ಏಳು. ಬದಿಗಿಟ್ಟ. ಇನ್ನೊಂದು, ಒಂಬತ್ತು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ, ಇಪ್ಪತ್ನಾಲ್ಕು. "ಇದರಲ್ಲಿ ಕೊಯ್ದರೆ ಯುಗಾದಿ ಬರುತ್ತೆ" ಎಂದ. ಬಣ್ಣ ಕೊಳ್ಳಲು ಬಂದವರೊಬ್ಬರು, "ಸ್ವಾಮಿ, ನೀವು ಕೊಯ್ಯೋದು ಬೇಡ, ಎಣಿಸ್ತಾ ಇದ್ರೂ ಯುಗಾದಿ ಬರುತ್ತೆ. ಸ್ವಲ್ಪ ಜರುಗಿ" ಎಂದರು.

ಕೊನೆಗೆ ಚಿಕ್ಕಮುನಿಯಪ್ಪ ಅಟ್ಟ ಹತ್ತಿ, ಬೆನ್ನಿಗೆ ಉಕ್ಕಿನ ಪಟ್ಟಿ ಬಿಗಿದ ಒಂದು ಸಣ್ಣ ಗರಗಸ ತಂದರು. ಹದಿನಾಲ್ಕು ಹಲ್ಲು. ತಳ್ಳುವಾಗ ಕೊಯ್ಯುವ ಜಾತಿ. ಭೈರೇಶನ ಮುಖದಲ್ಲಿ ಹೆತ್ತ ತಾಯಿಯ ಕಳೆ ಮೂಡಿತು. ಅದನ್ನು ಕಂಡು ಅಂಗಡಿಯವರಿಗೂ ಮನಸ್ಸು ಕರಗಿತು. "ಹಬ್ಬದ ಮುನ್ನಾದಿನ ಹೊಸ ಆಯುಧ ತಗೊಂಡಿದೀರ, ಒಳ್ಳೇದಾಗ್ಲಿ" ಎಂದು ಗರಗಸದ ಹಿಡಿಗೆ ಒಂದು ಮೊಳ ಚೆಂಡುಹೂ ಸುತ್ತಿಕೊಟ್ಟರು.

ಹೂ ಮುಡಿದ ಗರಗಸವನ್ನು ಎದೆಗವಚಿಕೊಂಡು ಭೈರೇಶ ತನ್ನ ಕ್ರಾಸಿಗೆ ಬಂದ. ಎದುರು ಮನೆಯ ಗಂಗಲಕ್ಷ್ಮಮ್ಮ ಗೇಟಿನಲ್ಲಿ ನಿಂತಿದ್ದರು. ಆ ಬೀದಿಯ ವಾಟ್ಸಾಪ್ ಗುಂಪನ್ನು ನಡೆಸುವುದು ಅವರೇ. ಭೈರೇಶ ಒಂದು ವಾರದಿಂದ ಆಫೀಸಿಗೆ ಹೋಗದೆ ಬನಿಯನ್ನಿನಲ್ಲೇ ಇರುವುದನ್ನು ಅವರು ದಿನಾ ನೋಡುತ್ತಿದ್ದರು. ಕೇಳಿದರೆ ನೊಂದುಕೊಳ್ಳುತ್ತಾನೆಂದು ಸುಮ್ಮನಿದ್ದರು.

"ಏನಪ್ಪಾ ಭೈರೇಶ, ಗರಗಸ?"

ಹದಿನಾಲ್ಕು ಹಲ್ಲಿನ ಒಡೆಯನಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಭೈರೇಶ ಎದೆ ಸೆಟೆಸಿ, "ಇನ್ಮೇಲೆ ಇದೇ ಆಂಟಿ. ಇನ್ನೊಬ್ಬರನ್ನ ನಂಬ್ಕೊಂಡು ಕೂರೋದು ಸಾಕಾಯ್ತು" ಎಂದ.

ಗಂಗಲಕ್ಷ್ಮಮ್ಮನವರ ಕಣ್ಣಲ್ಲಿ ನೀರಾಡಿತು. ಅದು ಯಾಕೆಂದು ಭೈರೇಶನಿಗೆ ತಿಳಿಯಲಿಲ್ಲ.

ಒಳಗೆ ಹೋದವನೇ ಹಲಗೆಯನ್ನು ಸ್ಟೂಲಿನ ಮೇಲಿಟ್ಟ. ಗರಗಸ ಇನ್ನೂ ತಾಗಿರಲಿಲ್ಲ, ಕೀರ್ತನಾ ಅವನ ಕೈ ಹಿಡಿದಳು.

"ಪೂಜೆ ಆಗ್ದೇ ಹೊಸ ಆಯುಧ ಉಪಯೋಗಿಸ್ತೀರಾ? ನಾಳೆನೇ ಹಬ್ಬ ಇಟ್ಕೊಂಡು?"

"ಹದಿನೈದೇ ತುಂಡು ಕಣೇ."

"ಹನ್ನೊಂದು ದಿನ ಟೈಮ್ ಇತ್ತಲ್ಲ, ಆವಾಗ ಯಾವ ಹಬ್ಬ ಇತ್ತು? ಕೊಡಿ ಇಲ್ಲಿ. ಪೂಜೆಗಿಟ್ಟಿದ್ದನ್ನ ವಿಜಯದಶಮಿ ಬೆಳಗ್ಗೆ ತೆಗೆಯೋದು. ಅಲ್ಲೀವರೆಗೆ ಯಾರೂ ಮುಟ್ಟಂಗಿಲ್ಲ."

ಮಾರನೆಯ ದಿನ ಗೇಟಿನೊಳಗೆ ಆಯುಧಗಳು ಸಾಲಾಗಿ ಕೂತವು. ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ, ಸ್ಕೂಟರು, ಮೇಲಿನ ಮನೆಯ ಬಾಡಿಗೆದಾರ ರೇವಣಸಿದ್ದ ಊಟ ಡೆಲಿವರಿ ಮಾಡುವ ಬೈಕು. ಎಲ್ಲಕ್ಕೂ ಮುಂದೆ ಮಣೆಯ ಮೇಲೆ ಅರಿಶಿನ, ಕುಂಕುಮ, ವಿಭೂತಿ ಹಚ್ಚಿಸಿಕೊಂಡು ಗರಗಸ. ಬೇರೆ ಗರಗಸ ಸಿಗಬಹುದೇ ಎಂದು ಭೈರೇಶ ಕದ್ದು ಚಿಕ್ಕಮುನಿಯಪ್ಪನವರಿಗೆ ಫೋನು ಮಾಡಿದ. "ಇಡೀ ಅಂಗಡಿಗೇ ಕುಂಬಳಕಾಯಿ ಒಡೆದಾಯ್ತು ಸಾರ್. ಇವತ್ತು ಒಂದು ಮೊಳೆನೂ ಮೇಲೇಳಲ್ಲ" ಎಂದರು ಅವರು.

ಗಂಗಲಕ್ಷ್ಮಮ್ಮ ಮಂಗಳಾರತಿಗೆ ಬಂದರು, ಗರಗಸಕ್ಕೆ ಕೈ ಮುಗಿದರು, ಫೋಟೊ ತೆಗೆದುಕೊಂಡು ಹೋದರು. ಹತ್ತು ನಿಮಿಷಕ್ಕೆ ಬೀದಿಯ ಗುಂಪಿನಲ್ಲಿ ಸಂದೇಶ ಬಂತು: "ನಮ್ಮ ಭೈರೇಶ್ ಅವರು ಕೆಲಸ ಕಳೆದುಕೊಂಡರೂ ಎದೆಗುಂದದೆ ಇಂದು ಮರಗೆಲಸ ಆರಂಭಿಸಿದ್ದಾರೆ. ದಯವಿಟ್ಟು ಎಲ್ಲರೂ ಪ್ರೋತ್ಸಾಹಿಸಿ."

ಅವರದ್ದೂ ತಪ್ಪಲ್ಲ. ವಾರಪೂರ್ತಿ ಮನೆಯಲ್ಲಿದ್ದವನು ಹಬ್ಬದ ಮುನ್ನಾದಿನ ಹೊಸ ಆಯುಧ ತಂದು, ಮರುದಿನ ಅದನ್ನು ಸ್ಕೂಟರಿಗಿಂತ ಮುಂದೆ ಕೂರಿಸಿ ಪೂಜೆ ಮಾಡಿದರೆ, ಅವನು ಆ ಕಸುಬು ಹಿಡಿದ ಎಂದೇ ಅರ್ಥ. ಒಂದು ಕೋಣೆಯ ಹದಿನೈದು ತುಂಡಿಗಾಗಿ ಮನುಷ್ಯರು ಗರಗಸ ಕೊಳ್ಳುತ್ತಾರೆಂದು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭೈರೇಶ ಗಾಬರಿಯಿಂದ ಟೈಪ್ ಮಾಡಿದ: "ನನ್ನ ಕೆಲಸ ಹೋಗಿಲ್ಲ."

"ಯಾವ ಕೆಲಸವೂ ಕೀಳಲ್ಲ ಸಾರ್" ಎಂದು ಒಬ್ಬರು ಉತ್ತರಿಸಿದರು. ಇನ್ನೊಬ್ಬರು ಬರಿ ಕೈಮುಗಿದರು. ಮೂರನೆಯವರು ತಮ್ಮ ಮನೆಯ ಚಪ್ಪಲಿ ಗೂಡಿನ ಅಳತೆ ಕಳಿಸಿದರು.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಬಳಿ ಎರಡು ಮುರಿದ ಕುರ್ಚಿ ಬಂದು ನಿಂತಿದ್ದವು. ಒಂದು ತೊಟ್ಟಿಲನ್ನು ಹೊತ್ತು ತಂದವರನ್ನು ಭೈರೇಶ ಗೇಟಿನಲ್ಲೇ ತಡೆದ. "ನಾನು ಬಡಗಿ ಅಲ್ಲ ರೀ!" ಎಂದು ಕೂಗಿದ. ಅವರು ತೊಟ್ಟಿಲನ್ನು ಇಳಿಸಿ, "ಶುರೂನಲ್ಲಿ ಎಲ್ಲರಿಗೂ ಹಂಗೇ ಅನ್ಸುತ್ತೆ, ಧೈರ್ಯ ಬಿಡಬೇಡಿ" ಎಂದು ಬೆನ್ನು ತಟ್ಟಿ ಹೋದರು.

ಸಂಜೆ ನಾಲ್ಕಕ್ಕೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಿಂದ ಮುನಿವೆಂಕಟಪ್ಪ ಇಳಿದರು. ಅವರ ಹಿಂದೆ ಒಂದು ಮೂಟೆ ರಾಗಿ, ಒಂದು ಚೀಲ ಅಕ್ಕಿ, ಇಪ್ಪತ್ತು ತೆಂಗಿನಕಾಯಿ ಇಳಿದವು.

"ಮಾವ, ಏನಿದು?"

ಮುನಿವೆಂಕಟಪ್ಪ ಅಳಿಯನ ಮುಖ ನೋಡಲಾಗದೆ ಸ್ಕೂಟರಿನ ಕಡೆ ನೋಡಿದರು. "ಇರ್ಲಿ. ಮನೆಗೆ ಬೇಕಾಗುತ್ತೆ. ಗಂಗಲಕ್ಷ್ಮಮ್ಮ ಫೋನ್ ಮಾಡಿದ್ರು. ಅಳಿಯಂದ್ರೆ, ಒಂದು ಮಾತು ನಮಗೆ ಹೇಳ್ಬಾರ್ದಿತ್ತಾ?"

"ನನ್ನ ಕೆಲಸ ಹೋಗಿಲ್ಲ ಮಾವ!"

"ಸರಿ, ಹೋಗಿಲ್ಲ" ಎಂದು ಅವರು ತಕ್ಷಣ ಒಪ್ಪಿಕೊಂಡರು. ಜ್ವರ ಬಂದವರ ಮಾತಿಗೆ ಹೂಂಗುಟ್ಟುವ ಹಾಗಿತ್ತು ಅದು. ಆಮೇಲೆ ಮಗಳ ಕಡೆ ತಿರುಗಿದರು. "ಕೀರ್ತನಾ, ನಿಮ್ಮಮ್ಮನ್ನ ನಾಳೆ ಕುರುಬರಹಳ್ಳಿಗೇ ಕರ್ಕೊಂಡು ಹೋಗ್ತೀನಿ. ನಿಮ್ಮಣ್ಣ ಇಬ್ಬರು ಆಳು ಹಿಡ್ದು ಕುರ್ಚೀಲಿ ಹೊರಿಸ್ತೀನಿ ಅಂದಿದಾನೆ. ಇಂಥಾ ಟೈಮಲ್ಲಿ ನಿಮಗೆ ಹೊರೆ ಆಗೋದು ಬೇಡ."

ಕೀರ್ತನಾಳ ಕೈಯಲ್ಲಿದ್ದ ತೆಂಗಿನಕಾಯಿ ನೆಲಕ್ಕೆ ಬಿತ್ತು. "ಎರಡು ಮಹಡಿ ಕುರ್ಚೀಲಿ ಹೊರ್ತಾರಾ ಅಮ್ಮನ್ನ? ಹೊತ್ಕೊಂಡು ಹೋದ್ಮೇಲೆ ನೋಡ್ಕೊಳ್ಳೋರು ಯಾರು ಅಲ್ಲಿ?" ಎಂದವಳು ಗಂಡನ ಕಡೆ ತಿರುಗಿದಳು. "ರೀ, ಏನಾದ್ರೂ ಮಾಡಿ. ಅಪ್ಪಂಗೆ ಪ್ರೂಫ್ ತೋರ್ಸಿ."

ಭೈರೇಶ ಆಫೀಸಿನ ಗುರುತಿನ ಚೀಟಿ ತಂದ. ಮುನಿವೆಂಕಟಪ್ಪ ಅದನ್ನು ತಿರುಗಿಸಿ ನೋಡಿ, "ವಾಪಸ್ ಇಸ್ಕೊಳ್ಳೋದು ಮರೆತಿದಾರೆ ಅನ್ಸುತ್ತೆ" ಎಂದರು. ಆಫೀಸಿಗೇ ಕರೆದುಕೊಂಡು ಹೋಗಿ ತೋರಿಸೋಣವೆಂದರೆ ಹಬ್ಬದ ರಜೆ. ಉಳಿದದ್ದು ಒಂದೇ. ಭೈರೇಶ ಮ್ಯಾನೇಜರ್ ಚನ್ನಕೇಶವರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಮಾವನ ಮುಂದೆ ಹಿಡಿದ. ಚನ್ನಕೇಶವರ ಮನೆ ಎಂಟನೇ ಕ್ರಾಸು ಎಂಬುದಾಗಲಿ, ಅವರ ಹೆಂಡತಿಯೂ ಗಂಗಲಕ್ಷ್ಮಮ್ಮನವರೂ ಒಂದೇ ಭಜನಾ ಮಂಡಳಿಯವರು ಎಂಬುದಾಗಲಿ ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲಿಲ್ಲ.

"ಸಾರ್, ನಮ್ಮ ಮಾವ ಇಲ್ಲೇ ಇದಾರೆ. ನಾನು ಇನ್ನೂ ಕೆಲಸದಲ್ಲಿ ಇದೀನಿ ಅಂತ ಒಂದು ಮಾತು ಹೇಳಿ ಸಾರ್."

ಆ ಕಡೆ ಚನ್ನಕೇಶವ ಗಂಟಲು ಸರಿಮಾಡಿಕೊಂಡರು. "ಖಂಡಿತ. ಇದೀರ, ಇದೀರ. ಹೇಗೆ ಹೇಳಿದ್ರೆ ನಿಮಗೆ ಅನುಕೂಲ ಆಗುತ್ತೋ ಹಾಗೇ ಹೇಳ್ತೀನಿ ಭೈರೇಶ್. ಪ್ರಮೋಷನ್ ಆಗಿದೆ ಅಂತ ಬೇಕಾದ್ರೂ ಹೇಳ್ಲಾ?"

"ನಿಜ ಹೇಳಿ ಸಾರ್!"

"ನಿಜಾನಾ?" ಚನ್ನಕೇಶವರ ದನಿ ಇಳಿಯಿತು. "ವಿಷಯ ನಂಗೆ ಇವತ್ತು ಮಧ್ಯಾಹ್ನ ಗೊತ್ತಾಯ್ತು. ನೀವಾಗೇ ಬಿಡ್ತಾ ಇದೀರ ಅಂದ್ರೆ ನಾನು ತಡೆಯಲ್ಲ. ನಮ್ಮನೇದೂ ಒಂದು ದೇವರ ಮಂಟಪದ ಕೆಲಸ ಇದೆ, ಹಬ್ಬ ಮುಗಿಸ್ಕೊಂಡು ಬನ್ನಿ."

ಮುನಿವೆಂಕಟಪ್ಪ ಮೆತ್ತಗೆ ಫೋನು ಆರಿಸಿ ಅಳಿಯನ ಕೈಗೆ ಕೊಟ್ಟರು. "ದೊಡ್ಡ ಮನುಷ್ಯ" ಎಂದರು.

ಆ ರಾತ್ರಿ ಗಂಡಹೆಂಡಿರ ನಡುವೆ ನಡೆದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಒಂದು ವಾಕ್ಯವನ್ನು ಮಾತ್ರ ಹೇಳಬಹುದು. "ನಮ್ಮಮ್ಮ ಈ ಮನೆಗೆ ಬರ್ಲಿಲ್ಲ ಅಂದ್ರೆ ನಾನೂ ಕುರುಬರಹಳ್ಳೀಲೇ ಇರ್ತೀನಿ. ನೀವು ಹಲ್ಲು ಎಣಿಸ್ಕೊಂಡು ಇರಿ."

ವಿಜಯದಶಮಿಯ ದಿನ ಎಂಟು ಗಂಟೆಗೆ ಮುನಿವೆಂಕಟಪ್ಪ ಮತ್ತೆ ಬಂದರು, ಮಗಳನ್ನು ಸಮಾಧಾನ ಮಾಡಲು. ಅಷ್ಟರಲ್ಲಿ ಗರಗಸ ಮಣೆಯಿಂದ ಇಳಿದಿತ್ತು. ಕೋಣೆಯ ಬಾಗಿಲಲ್ಲಿ ಜನ ಸೇರಿದ್ದರು. ಹೊಸ ಕಸುಬಿನ ಮೊದಲ ಕೊಯ್ತ ನೋಡಲು ಗಂಗಲಕ್ಷ್ಮಮ್ಮ ತಟ್ಟೆಯಲ್ಲಿ ಕಲ್ಲುಸಕ್ಕರೆ ತಂದಿದ್ದರು. ರೇವಣಸಿದ್ದ ಹಲಗೆ ಹಿಡಿದುಕೊಳ್ಳಲು ಮೊಣಕಾಲೂರಿ ಕೂತಿದ್ದ.

"ಮಾವ, ನೆಲ ಈಗ ಮುಗಿಯುತ್ತೆ. ಅತ್ತೆ ಇಲ್ಲೇ ಬರ್ಲಿ" ಎಂದು ಭೈರೇಶ ಅಂಗಲಾಚಿದ.

"ನೆಲದ ಮಾತಲ್ಲ ಅಳಿಯಂದ್ರೆ" ಎಂದು ಮಾವ ನಿಟ್ಟುಸಿರಿಟ್ಟರು. "ಹೊಸ ಕಸುಬು. ಮೊದಲು ನೀವು ನಿಮ್ಮ ಕಾಲ ಮೇಲೆ ನಿಲ್ಲಿ."

ಗರಗಸ ಎತ್ತಿದ ಭೈರೇಶನಿಗೆ ಆಗ ತನ್ನ ಸ್ಥಿತಿ ಪೂರ್ತಿ ಅರ್ಥವಾಯಿತು. ಚೆನ್ನಾಗಿ ಕೊಯ್ದರೆ ಅವನು ಬಡಗಿಯೇ ಎಂದು ಖಾತರಿಯಾಗುತ್ತದೆ, ಅತ್ತೆ ಕುರುಬರಹಳ್ಳಿಗೆ. ಕೆಟ್ಟದಾಗಿ ಕೊಯ್ದರೆ ನೆಲ ಮುಗಿಯುವುದಿಲ್ಲ, ಆಗಲೂ ಅತ್ತೆ ಕುರುಬರಹಳ್ಳಿಗೆ. ಆ ಬೆವರಿನಲ್ಲಿ ಮೂವತ್ತಕ್ಕೂ ಹೆಚ್ಚು ವಿಡಿಯೊಗಳು ತಲೆಯೊಳಗೆ ಒಂದರ ಮೇಲೊಂದು ಬಿದ್ದವು. ಯಂತ್ರದಲ್ಲಿ ಕೊಯ್ಯುವಾಗ ಹಲಗೆಯ ಬಣ್ಣದ ಮುಖ ಕೆಳಗೆ, ಕೈಯಲ್ಲಿ ಕೊಯ್ಯುವಾಗ ಮುಖ ಮೇಲೆ. ಅವನು ಮುಖ ಕೆಳಗೆ ಮಾಡಿ ಇಟ್ಟ. ತಳ್ಳಿದ. ಎಳೆದ. ಸಿಕ್ಕಿಹಾಕಿಕೊಂಡ ಗರಗಸವನ್ನು ಬಿಡಿಸಿದ. ಮತ್ತೆ ತಳ್ಳಿದ. ಪೆನ್ಸಿಲ್ ಗೆರೆ ಒಂದು ಕಡೆ ಹೋಯಿತು, ಗರಗಸ ಇನ್ನೊಂದು ಕಡೆ ಹೋಯಿತು. ತುಂಡು ಉದುರಿತು.

ಮುನಿವೆಂಕಟಪ್ಪ ಅದನ್ನು ಎತ್ತಿ ಮುಖ ಮೇಲೆ ಮಾಡಿದರು. ಅಂಚಿನ ಬಣ್ಣದ ಪದರವೆಲ್ಲ ಕಿತ್ತು ಬಂದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೆರಳಾಡಿಸಿದರು.

"ಹೆಗ್ಗಣ ಕಡಿದಂಗಿದೆ."

ಗಂಗಲಕ್ಷ್ಮಮ್ಮ ಕಲ್ಲುಸಕ್ಕರೆಯ ತಟ್ಟೆಗೆ ಸೆರಗು ಮುಚ್ಚಿದರು.

ಆಗ ಮುನಿವೆಂಕಟಪ್ಪನವರ ಮುಖ ಮೆಲ್ಲಗೆ ಬೆಳಗತೊಡಗಿತು. "ಕೀರ್ತನಾ!" ಎಂದು ಕೂಗಿದರು. "ಬಾರಮ್ಮ ಇಲ್ಲಿ. ನೋಡು ಇದನ್ನ. ಈ ಕೈನ ನಂಬ್ಕೊಂಡು ಪ್ರಪಂಚದಲ್ಲಿ ಯಾವನಾದ್ರೂ ಕೆಲಸ ಬಿಡ್ತಾನಾ? ಇವರ ಕೆಲಸ ಹೋಗಿಲ್ಲ ಕಣಮ್ಮ! ಇದ್ದೇ ಇದೆ! ಅಳಿಯಂದ್ರೆ, ಮೊದ್ಲೇ ಇದೊಂದು ತುಂಡು ಕೊಯ್ದು ತೋರಿಸ್ಬಾರ್ದಿತ್ತಾ?"

ಅಳಿಯನನ್ನು ತಬ್ಬಿಕೊಂಡರು. ತುಂಡನ್ನು ಎಲ್ಲರ ಕೈಗೂ ಕೊಟ್ಟು ತೋರಿಸಿದರು. ಕೆಂಗೇರಿಗೆ ಫೋನು ಮಾಡಿ, "ಚಂದ್ರಾ ಲೇಔಟಿಗೇ ಹೊರಡು. ಎಲ್ಲಾ ಸುಳ್ಳು. ನಾನೇ ಕಣ್ಣಾರೆ ನೋಡ್ದೆ" ಎಂದರು.

"ಆದ್ರೆ ನೆಲ?" ಎಂದಳು ಕೀರ್ತನಾ. ಗಡಿಯಾರ ಒಂಬತ್ತು ತೋರಿಸುತ್ತಿತ್ತು. "ಈ ಹೆಗ್ಗಣ ಕಡಿದಿದ್ದನ್ನ ಹಾಕ್ತೀರಾ?"

ರೇವಣಸಿದ್ದ ತುಂಡನ್ನು ಇಸಿದುಕೊಂಡು ಬರಿದಾದ ಜಾಗದಲ್ಲಿ ಇಟ್ಟು ನೋಡಿದ. "ಅಕ್ಕಾರ, ಈ ಕೆಟ್ಟ ತುದಿ ಗ್ವಾಡಿ ಕಡೀಗೆ ಹೋಗ್ತೈತಲ್ರಿ? ಇನ್ನೊಂದು ಕಡಿ ಸಿಕ್ಕಸೂ ತುದಿ ಅಂತೂ ಚಲೋ ಐತಿ. ಗ್ವಾಡಿಗುಂಟ ಪಟ್ಟಿ ಬಡದ್ರ ಮುಚ್ಚೇ ಹೋಗ್ತೈತಿ. ಯಾರು ನೋಡ್ತಾರ್ರಿ?"

ಭೈರೇಶ ಗೋಡೆಯನ್ನು ನೋಡಿದ, ಗೋಡೆಗೆ ಬಡಿಯಲು ತಂದಿಟ್ಟಿದ್ದ ಪಟ್ಟಿಗಳನ್ನು ನೋಡಿದ, ಕೈಯಲ್ಲಿದ್ದ ಗರಗಸವನ್ನು ನೋಡಿದ.

"ಅಂದ್ರೆ" ಎಂದಳು ಕೀರ್ತನಾ, ಒಂದೊಂದೇ ಪದವನ್ನು ಬಿಡಿಸಿ, "ಯಾವ ಗರಗಸ ಆಗಿದ್ರೂ ನಡೀತಿತ್ತು."

"ಕುಡುಗೋಲೂ ನಡೀತಿತ್ರಿ" ಎಂದ ರೇವಣಸಿದ್ದ.

ಇನ್ನು ಹದಿನಾಲ್ಕು ತುಂಡುಗಳನ್ನು ರೇವಣಸಿದ್ದ ಹಿಡಿದ, ಭೈರೇಶ ಕೊಯ್ದ. ಮುಖ ಮೇಲೋ ಕೆಳಗೋ ಎಂದು ಯಾರೂ ಕೇಳಲಿಲ್ಲ. ಮುನಿವೆಂಕಟಪ್ಪ ಪ್ರತಿ ತುಂಡನ್ನೂ ಎತ್ತಿ ನೋಡಿ, ಹಿಂದಿನದಕ್ಕಿಂತ ಕೆಟ್ಟದಾಗಿದ್ದರೆ ಸಂತೋಷಪಟ್ಟರು. ಹತ್ತೂಕಾಲಿಗೆ ಕೊನೆಯ ಪಟ್ಟಿ ಗೋಡೆಗೆ ಕೂತಿತು. ಹತ್ತೂವರೆಗೆ ಲಕ್ಷ್ಮಿದೇವಮ್ಮನವರ ಕಾರು ಬಂತು.

ಅವರು ವಾಕರ್ ಊರಿಕೊಂಡು ಕೋಣೆಯೊಳಗೆ ಬಂದರು. ಮಂಚದಿಂದ ಬಚ್ಚಲ ಬಾಗಿಲಿಗೆ ಹೋದರು, ಬಂದರು. ಎಲ್ಲಿಯೂ ಎಡವಲಿಲ್ಲ, ಎಲ್ಲಿಯೂ ಜಾರಲಿಲ್ಲ. ಕೀರ್ತನಾ ಹಿಂದೆಯೇ ನಡೆಯುತ್ತಿದ್ದಳು. ತಾಯಿ ಮಂಚದ ಮೇಲೆ ಕೂತ ಮೇಲೆ ಹೊರಗೆ ಹೋಗಿ, ಯಾರಿಗೂ ಕಾಣದಂತೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಎಲ್ಲರೂ ಊಟಕ್ಕೆ ಎದ್ದಾಗ ಲಕ್ಷ್ಮಿದೇವಮ್ಮ ಅಳಿಯನನ್ನು ಮಾತ್ರ ಕರೆದು ಬಾಗಿಲು ಹಾಕಲು ಹೇಳಿದರು.

"ಇಲ್ಲಿ ಕೂತ್ಕೊಳ್ಳಿ. ನಂಗೊಬ್ಬಳಿಗೆ ನಿಜ ಹೇಳಿ. ಕೆಲಸ ಯಾವಾಗ ಹೋಯ್ತು?"

"ಅತ್ತೆ, ಮಾವ ಹೇಳಿದ್ರಲ್ಲ ಫೋನಲ್ಲಿ..."

"ಅವರನ್ನ ಬಿಡಿ. ಅವರಿಗೆ ಯಾರು ಏನು ಹೇಳಿದ್ರೂ ನಂಬ್ತಾರೆ. ಕುರುಬರಹಳ್ಳಿಗೆ ಅಂತ ನಿನ್ನೆಯಿಂದ ಕುಣೀತಾ ಇದ್ರು, ನಾನು ಆಗ್ಲೇ ಮನಸ್ಸಲ್ಲಿ ಅಂದ್ಕೊಂಡಿದ್ದೆ, ಕಾರು ಹತ್ತಿದ್ಮೇಲೆ ಡ್ರೈವರ್ಗೆ ಚಂದ್ರಾ ಲೇಔಟ್ ಅಂತ್ಲೇ ಹೇಳೋದು ಅಂತ. ಕಷ್ಟದಲ್ಲಿರೋ ಮನೇಲಿ ದೊಡ್ಡೋರು ಅಂತ ಒಬ್ರು ಇರ್ಬೇಕು. ಮೊದಲು ಕೀರ್ತನಾ ಹಟಕ್ಕೆ ಹೂಂ ಅಂದಿದ್ದೆ ಅಷ್ಟೆ. ಎಲ್ಲಾ ಚೆನ್ನಾಗಿದ್ದಿದ್ರೆ ನಾನು ಯಾಕ್ ಬರ್ತಿದ್ದೆ? ಮಗಳ ಮನೇಲಿ ಬಿಟ್ಟಿ ಕೂತ್ಕೊಂಡು ತಿನ್ನೋಕಾ? ಕೆಲಸ ಇದೆ ಅನ್ನೋ ಹಾಗಿದ್ರೆ ಈಗ್ಲೇ ಹೇಳ್ಬಿಡಿ, ಡ್ರೈವರ್ ಇನ್ನೂ ಹೊರಗಡೆ ಇದಾನೆ."

ಭೈರೇಶ ಬಾಯಿ ತೆರೆದ. ಗುರುತಿನ ಚೀಟಿ ಜೇಬಿನಲ್ಲೇ ಇತ್ತು. ರಜೆ ಕೇಳಿ ಬರೆದ ಪತ್ರದ ನಕಲು ಮೊಬೈಲಿನಲ್ಲಿತ್ತು. ಹೊರಗೆ ಅಡುಗೆಮನೆಯಲ್ಲಿ ಕೀರ್ತನಾ ಎಷ್ಟೋ ದಿನದ ಮೇಲೆ ನಗುತ್ತಿರುವುದು ಕೇಳಿಸುತ್ತಿತ್ತು.

"ಹೋದ ತಿಂಗಳು, ಅತ್ತೆ" ಎಂದ.